ಮಾವನ ಎಲ್‌ಪಿ12: ಮೂರು ಸ್ಪ್ರಿಂಗ್, ಆರು ವಾರ

ಲಿನ್ ಸೊಂಡೆಕ್ ಎಲ್‌ಪಿ12 ಅನ್ನುವ ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ಇಟ್ಟುಕೊಂಡವರನ್ನು ಅದರ ಸೌಂಡ್ ಹೇಗಿದೆ ಅಂತ ಕೇಳಿ ನೋಡಿ. ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ತಾಳೆ ಆಗಲ್ಲ. ನನಗೆ ಗೊತ್ತಿರುವವರು ಮೂರೇ ಜನ. ನನ್ನ ಸೋದರಮಾವ "ತಾಳ ಸೀದಾ ಕಾಲಿಗೆ ಬರುತ್ತೆ ಕಣೋ" ಅಂತಾರೆ. ಮಲ್ಲೇಶ್ವರದ ಗೆಳೆಯನ ಹತ್ತಿರ ಆಮೇಲೆ ಬಂದ ಸರ್ಕಸ್ ಬೇರಿಂಗ್, ಲಿಂಗೋ ಪವರ್ ಸಪ್ಲೈ ಹಾಕಿ ಸುಧಾರಿಸಿದ ಎಲ್‌ಪಿ12 ಇದೆ. ಅವನು "ಹಳೇದರಲ್ಲಿ ಬೇಸ್ ಊದಿಕೊಂಡಿರುತ್ತೆ ಗುರು" ಅಂತಾನೆ. ರಾಜಾಜಿನಗರದ ಹಿರಿಯರೊಬ್ಬರು ಹನ್ನೆರಡು ವರ್ಷ ಇಟ್ಟುಕೊಂಡು, ಕೊನೆಗೆ ಮಾರಿ ಟೆಕ್ನಿಕ್ಸ್ ಎಸ್‌ಎಲ್-1200 ತಗೊಂಡರು. ಅವರದು ಒಂದೇ ದೂರು: "ಶ್ರುತಿ ನಿಲ್ಲಲ್ಲ."

ಮಾವನ ಎಲ್‌ಪಿ12 ಈಗ ನಮ್ಮ ಮನೆಯಲ್ಲಿದೆ. ಜುಲೈ ಮೊದಲ ವಾರದಿಂದ ಆಗಸ್ಟ್ 15ರ ತನಕ ಅದನ್ನು ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿದ ಲೆಕ್ಕ ಇದು. ಈ ಆರು ವಾರದಲ್ಲಿ ಆ ಮೂರೂ ಜನ ಹೇಳಿದ ಸೌಂಡನ್ನು ಒಂದೇ ಮಷಿನ್‌ನಲ್ಲಿ, ಒಂದೇ ರೂಮಿನಲ್ಲಿ, ನನ್ನ ಕಿವಿಯಲ್ಲೇ ಕೇಳಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಸ್ಕಾಟ್ಲೆಂಡಿನ ಗ್ಲಾಸ್ಗೋದ್ದು. 1970ರ ದಶಕದ ಶುರುವಿನಿಂದ ಇವತ್ತಿನವರೆಗೂ ತಯಾರಾಗುತ್ತಲೇ ಇದೆ. ಮೋಟರು ಮಷಿನ್ನಿನ ಮೇಲ್ಭಾಗದ ಸ್ಟೀಲ್ ಪ್ಲೇಟಿಗೆ ಬಿಗಿಯಾಗಿ ಕೂತಿರುತ್ತೆ. ರೆಕಾರ್ಡ್ ಇಡುವ ತಟ್ಟೆ (ಪ್ಲ್ಯಾಟರ್), ಅದರ ಕಡ್ಡಿ (ಸ್ಪಿಂಡಲ್) ತಿರುಗುವ ಬೇರಿಂಗ್, ಮುಳ್ಳು ಹಿಡಿಯುವ ಆರ್ಮ್ ಮೂರೂ ಬೇರೆ ಒಂದು ತಗಡಿನ ಚೌಕಟ್ಟಿನ ಮೇಲೆ ಇರುತ್ತವೆ. ಅದಕ್ಕೆ ಸಬ್‌ಷಾಸಿ ಅಂತ ಹೆಸರು. ಆ ಸಬ್‌ಷಾಸಿ ಮೂರು ಸ್ಪ್ರಿಂಗ್ ಮೇಲೆ ತೇಲುತ್ತೆ. ಈ ಮೂರು ಸ್ಪ್ರಿಂಗ್ ಉಪಾಯ ಇವರದ್ದೇ ಅಲ್ಲ, ಅಮೆರಿಕದ ಎಆರ್ (ಅಕೌಸ್ಟಿಕ್ ರಿಸರ್ಚ್) ಕಂಪನಿಯ ಟರ್ನ್‌ಟೇಬಲ್‌ನಲ್ಲಿ 1961ರಲ್ಲೇ ಬಂದಿತ್ತು.

ಜುಲೈ 6, ಶನಿವಾರ: ತಂದಿದ್ದು, ಮೊದಲ ತಪ್ಪು

ಮಾವ 1984ರಲ್ಲಿ ಇಂಗ್ಲೆಂಡಿನಲ್ಲಿದ್ದಾಗ ತಗೊಂಡಿದ್ದು. ಆಫ್ರೋಮೋಸಿಯಾ ಮರದ ಚೌಕಟ್ಟು, ವಲ್ಹಲ್ಲಾ ಅನ್ನುವ ಪವರ್ ಸಪ್ಲೈ ಬೋರ್ಡು, ಇಟ್ಟಾಕ್ ಅನ್ನುವ ಆರ್ಮ್. 2005ರಿಂದ ವಿಜಯನಗರದ ಮನೆಯ ಅಟ್ಟದ ಮೇಲಿತ್ತು. "ನಿನಗೆ ಬೇಕಿದ್ರೆ ತಗೊಂಡು ಹೋಗು, ಆದರೆ ಹಾಡಿಸಬೇಕು, ಸುಮ್ನೆ ಷೋಕೇಸಲ್ಲಿ ಇಡಬೇಡ" ಅಂದರು.

ಆಟೋದಲ್ಲಿ ತ್ಯಾಗರಾಜನಗರಕ್ಕೆ ತಂದೆ, 260 ರೂಪಾಯಿ. ಹೊರಗಿನ ದೊಡ್ಡ ಪ್ಲ್ಯಾಟರ್ ತೆಗೆದು ಬೆಡ್‌ಶೀಟಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಒಳಗಿನ ಚಿಕ್ಕ ಪ್ಲ್ಯಾಟರ್ ತೆಗೆಯಲಿಲ್ಲ. ಸ್ಪಿಂಡಲ್ ಅದಕ್ಕೇ ಅಂಟಿಕೊಂಡಿರುತ್ತೆ. ಪ್ರತಿ ಹಂಪ್‌ಗೂ ಸ್ಪಿಂಡಲ್ ಬೇರಿಂಗ್ ಒಳಗೆ ಎದ್ದು ಕುಕ್ಕಿದೆ. ಮನೆಗೆ ಬಂದು ನೋಡಿದರೆ ಬೇರಿಂಗಿನ ಕಪ್ಪು ಎಣ್ಣೆ ಚೆಲ್ಲಿ ಚೌಕಟ್ಟಿನ ಒಳಗೆಲ್ಲ ಹರಡಿತ್ತು. ಯಾರಾದರೂ ಇದನ್ನು ಸಾಗಿಸುವುದಿದ್ದರೆ ಎರಡೂ ಪ್ಲ್ಯಾಟರ್ ಹೊರಗೆ ತೆಗೆಯಿರಿ, ಬೇರಿಂಗಿನ ಬಾಯಿಗೆ ಟೇಪ್ ಅಂಟಿಸಿ. ಅರ್ಧ ನಿಮಿಷದ ಕೆಲಸ.

ಜುಲೈ 7, ಭಾನುವಾರ: ಇದ್ದ ಹಾಗೇ ಕೇಳಿದ್ದು

ರಿಪೇರಿಗೆ ಮುಂಚೆ ಹೇಗಿದೆ ಅಂತ ಗೊತ್ತಿರಲಿ ಎಂದು ನನ್ನ ಹಳೇ ಪ್ಲೇಯರ್‌ನಿಂದ ಆಡಿಯೋ ಟೆಕ್ನಿಕಾ ವಿಎಂ540ಎಂಎಲ್ ಕಾರ್ಟ್ರಿಜ್ (ಮುಳ್ಳಿರುವ ತಲೆ) ತೆಗೆದು ಇದಕ್ಕೆ ಹಾಕಿದೆ. ಹತ್ತೊಂಬತ್ತು ವರ್ಷ ಕರೆಂಟ್ ಕಾಣದ ಬೋರ್ಡಿಗೆ ನೇರವಾಗಿ 230 ವೋಲ್ಟ್ ಕೊಟ್ಟೆ. ಇದು ಎರಡನೇ ತಪ್ಪು, ಹಾಗೆ ಮಾಡಬಾರದು.

ಮೋಟರ್ ಒಂದೆರಡು ಸಲ ಹಿಂದೆ ಮುಂದೆ ಜಗ್ಗಿ ತಿರುಗಿತು. ಮಲ್ಲಿಕಾರ್ಜುನ ಮನ್ಸೂರರ ಒಂದು ಎಲ್‌ಪಿ ಹಾಕಿದೆ. ದನಿ ಬಂತು, ಸಂತೋಷವೂ ಆಯ್ತು, ಆದರೆ ಕೆಳಗಿನ ಸ್ವರಗಳೆಲ್ಲ ಗುಡಾಣದೊಳಗೆ ಬಾಯಿ ಇಟ್ಟು ಹಾಡಿದ ಹಾಗೆ. ತಬಲಾದ ಎಡ ಒಂದು ಏಟು ಬಿದ್ದರೆ ಮುಂದಿನ ಏಟಿನ ತನಕ ಗುಂಯ್ ಅಂತ ಉಳಿದುಬಿಡುತ್ತಿತ್ತು. ಗೆಳೆಯ ಹೇಳುವ "ಊದಿಕೊಂಡ ಬೇಸ್" ಇದೇ ಇರಬೇಕು ಅನ್ನಿಸಿತು.

ಹದಿನೈದು ನಿಮಿಷಕ್ಕೆ ಸುಟ್ಟ ವಾಸನೆ ಬಂತು. ಪ್ಲಗ್ ಕಿತ್ತೆ.

ಕೆಳಗಿನ ಹಾರ್ಡ್‌ಬೋರ್ಡ್ ಮುಚ್ಚಳ ಬಿಚ್ಚಿದಾಗ ಬೇಸ್ ಯಾಕೆ ಹಾಗಿತ್ತು ಅಂತ ಗೊತ್ತಾಯ್ತು. ಸಬ್‌ಷಾಸಿಗೂ ಮೇಲಿನ ಪ್ಲೇಟಿಗೂ ನಡುವೆ ಮೂರು ಕಡೆ ಹಳದಿ ಸ್ಪಂಜಿನ ತುಂಡು ತುರುಕಿದ್ದರು. ಬೆರಳು ತಾಕಿದರೆ ಪುಡಿಯಾಗಿ ಅಂಟುತ್ತಿತ್ತು. ಮಾವನನ್ನು ಕೇಳಿದೆ. ತೊಂಬತ್ತರ ದಶಕದಲ್ಲಿ ಯಾರೋ ಒಬ್ಬ ರಿಪೇರಿಯವರು "ತುಂಬಾ ಅಲ್ಲಾಡುತ್ತೆ ಸಾರ್, ಟೈಟ್ ಮಾಡಿದ್ದೀನಿ" ಅಂದಿದ್ದರಂತೆ. ಅಲ್ಲಾಡುವುದೇ ಅದರ ಕೆಲಸ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಮಾವ ಆಮೇಲೆ ಹತ್ತು ಹನ್ನೆರಡು ವರ್ಷ ಹಾಗೇ ಕೇಳಿದ್ದಾರೆ. ಬರಬರುತ್ತಾ ಕೇಳುವುದು ಕಮ್ಮಿ ಆಯ್ತು, ಯಾಕೆ ಅಂತ ತಮಗೇ ಗೊತ್ತಾಗಲಿಲ್ಲ ಅಂದರು. ಅದನ್ನು ಕೇಳಿ ಬೇಜಾರಾಯ್ತು.

ಜುಲೈ 13 ಮತ್ತು 14: ವಲ್ಹಲ್ಲಾ ಬೋರ್ಡು

ವಲ್ಹಲ್ಲಾ 1982ರಲ್ಲಿ ಬಂದ ಪವರ್ ಸಪ್ಲೈ. ಕ್ರಿಸ್ಟಲ್ ಇಟ್ಟು ತಾನೇ 50 ಹರ್ಟ್ಜ್ ತಯಾರು ಮಾಡಿ ಮೋಟರಿಗೆ ಕೊಡುತ್ತೆ. ಹಾಗಾಗಿ ಮನೆಯ ಕರೆಂಟಿನ ಏರಿಳಿತ ಸ್ಪೀಡಿಗೆ ತಟ್ಟಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಈ ಬೋರ್ಡಿನಲ್ಲಿ 230 ವೋಲ್ಟನ್ನು ಟ್ರಾನ್ಸ್‌ಫಾರ್ಮರ್ ಇಲ್ಲದೆ ನೇರವಾಗಿ ಡಿಸಿ ಮಾಡುತ್ತಾರೆ. ಅಂದರೆ 320 ವೋಲ್ಟಿಗೂ ಜಾಸ್ತಿ. ಪ್ಲಗ್ ತೆಗೆದ ಮೇಲೂ ಕೆಪ್ಯಾಸಿಟರ್‌ನಲ್ಲಿ ಅದು ಉಳಿದಿರುತ್ತೆ. ಗೊತ್ತಿಲ್ಲದಿದ್ದರೆ ಕೈ ಹಾಕಬೇಡಿ, ತಿಳಿದವರ ಕೈಯಲ್ಲಿ ಮಾಡಿಸಿ. ನಾನು ಪ್ಲಗ್ ತೆಗೆದು ಅರ್ಧ ಗಂಟೆ ಬಿಟ್ಟೆ. ಆಮೇಲೆ 10 ಕಿಲೋ ಓಮ್, 5 ವ್ಯಾಟ್‌ನ ಬಿಳಿ ಸಿಮೆಂಟ್ ರೆಸಿಸ್ಟರ್‌ಗೆ ಎರಡು ಕಡೆ ಕ್ಲಿಪ್ ಸಿಕ್ಕಿಸಿ ಕೆಪ್ಯಾಸಿಟರ್ ಖಾಲಿ ಮಾಡಿದೆ. ಮೀಟರಿನಲ್ಲಿ ಸೊನ್ನೆ ನೋಡಿಯೇ ಮುಟ್ಟಿದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಷಾರ್ಟ್ ಮಾಡುವ ಅಭ್ಯಾಸ ಇದ್ದರೆ ಇಲ್ಲಿ ಬೇಡ.

ಶನಿವಾರ ಮಧ್ಯಾಹ್ನ ಎಸ್.ಪಿ. ರೋಡ್‌ಗೆ ಹೋದೆ. ಮಳೆ, ಕಾಲಿಡಲು ಜಾಗ ಇಲ್ಲ. ಹಳೇ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್‌ಗಳನ್ನು ಫೋಟೋ ತೆಗೆದುಕೊಂಡು ಹೋಗಿದ್ದೆ. ಅದೇ ಮೌಲ್ಯ, ಅದೇ ಅಥವಾ ಜಾಸ್ತಿ ವೋಲ್ಟೇಜ್, 105 ಡಿಗ್ರಿ ತಡೆಯುವಂಥದ್ದು ಕೇಳಿದೆ. ಮೊದಲ ಅಂಗಡಿಯಲ್ಲಿ 85 ಡಿಗ್ರಿಯದ್ದು ಕೊಟ್ಟು "ನಡೆಯುತ್ತೆ ಸಾರ್" ಅಂದರು. ತಗೊಳ್ಳಲಿಲ್ಲ. ಈ ಬೋರ್ಡು ಮುಚ್ಚಿದ ಪೆಟ್ಟಿಗೆಯಲ್ಲಿ ಇರುತ್ತೆ, ಬಿಸಿ ಹೋಗಲು ದಾರಿ ಇಲ್ಲ. ಮೂರನೇ ಅಂಗಡಿಯಲ್ಲಿ ಸಿಕ್ಕಿತು. ರೆಸಿಸ್ಟರ್, ಸೋಲ್ಡರ್ ವಿಕ್ ಎಲ್ಲ ಸೇರಿ 380 ರೂಪಾಯಿ.

ಭಾನುವಾರ ಬೆಳಿಗ್ಗೆ ಹಾಕಿದೆ. ವಾಸನೆ ಬಂದಿದ್ದು ಒಂದು ಕೆಪ್ಯಾಸಿಟರ್‌ನಿಂದಲೇ, ತಳ ಉಬ್ಬಿ ಕಂದು ಕಲೆ ಆಗಿತ್ತು. ಪ್ಲಸ್ ಮೈನಸ್ ಮೂರು ಸಲ ನೋಡಿ ಸೋಲ್ಡರ್ ಮಾಡಿದೆ. ಈಗ ಸ್ವಿಚ್ ಒತ್ತಿದರೆ ಮೋಟರ್ ಜಗ್ಗದೆ ಎದ್ದು ತಿರುಗುತ್ತೆ.

ಜುಲೈ 20 ಮತ್ತು 21: ಬೇರಿಂಗು

ಚೆಲ್ಲಿ ಉಳಿದ ಎಣ್ಣೆಯನ್ನು ಸಿರಿಂಜಿನಲ್ಲಿ ಎಳೆದೆ. ಊದುಬತ್ತಿ ಕಡ್ಡಿಗೆ ಕನ್ನಡಕ ಒರೆಸುವ ಬಟ್ಟೆ ಸುತ್ತಿ ಒಳಗೆ ಒರೆಸಿದೆ. ಹತ್ತಿ ಬೇಡ, ಎಳೆ ಉಳಿಯುತ್ತೆ. ಏಳನೇ ಕಡ್ಡಿಗೆ ಬಟ್ಟೆ ಬೆಳ್ಳಗೆ ಬಂತು.

ಸರಿಯಾದ ಎಣ್ಣೆ ಇನ್ನೂ ಬಂದಿರಲಿಲ್ಲ. ಕಾಯುವ ತಾಳ್ಮೆ ಇಲ್ಲದೆ 40 ರೂಪಾಯಿಯ ಹೊಲಿಗೆ ಮಷಿನ್ ಎಣ್ಣೆ ಹಾಕಿದೆ. ತುಂಬಾ ತೆಳು. ಮುಳ್ಳನ್ನು ಖಾಲಿ ಗೆರೆಯಲ್ಲಿ ಇಟ್ಟು ವಾಲ್ಯೂಮ್ ಏರಿಸಿದರೆ ಸ್ಪೀಕರಿನಲ್ಲಿ ಸಣ್ಣ ಗೊರಗೊರ. ನಾಲ್ಕು ದಿನ ಹಾಗೇ ಬಿಟ್ಟಿದ್ದರೆ ಬೇರಿಂಗ್ ಸವೆಯುತ್ತಿತ್ತು. ಅವತ್ತೇ ತೆಗೆದು ಮತ್ತೆ ಏಳು ಕಡ್ಡಿ ಒರೆಸಿದೆ.

ಮರುದಿನ ಈ ಬೇರಿಂಗಿಗೇ ಅಂತ ಮಾರುವ ಕಪ್ಪು ಎಣ್ಣೆ ಬಂತು, 1,100 ರೂಪಾಯಿ. ಮೊದಲ ಸಲ ಜಾಸ್ತಿ ಹಾಕಿದೆ, ಸ್ಪಿಂಡಲ್ ಇಳಿಸಿದ ತಕ್ಷಣ ಅಂಚಿನಿಂದ ಉಕ್ಕಿತು. ಸ್ವಲ್ಪ ತೆಗೆದು ಮತ್ತೆ ಇಟ್ಟೆ. ಆಮೇಲೆ ಆಗಿದ್ದು ನೋಡಲು ಚೆಂದ. ಒಳ ಪ್ಲ್ಯಾಟರಿನ ಸ್ಪಿಂಡಲನ್ನು ಬೇರಿಂಗಿನ ಬಾಯಿಗೆ ಇಟ್ಟು ಕೈ ಬಿಟ್ಟರೆ ಅದು ಧೊಪ್ ಅಂತ ಬೀಳಲ್ಲ. ಒಳಗಿನ ಗಾಳಿ ಹೊರಗೆ ಬರಲು ಜಾಗವೇ ಇಲ್ಲದಷ್ಟು ಬಿಗಿಯಾದ ಅಳತೆ. ಗಾಳಿ ಸಣ್ಣಗೆ ದಾರಿ ಮಾಡಿಕೊಂಡು ಬರುವಷ್ಟು ಹೊತ್ತು ಸ್ಪಿಂಡಲ್ ತಾನಾಗಿ, ಕಣ್ಣಿಗೆ ಕಾಣದಷ್ಟು ನಿಧಾನಕ್ಕೆ ಇಳಿಯುತ್ತೆ. ಅಮ್ಮ ಕಾಫಿ ತಂದವರು ನಿಂತು ನೋಡಿ, "ಯಾರೋ ಕೆಳಗಿಂದ ಹಿಡಿದು ಇಳಿಸಿಕೊಳ್ಳೋ ಹಾಗಿದೆಯಲ್ಲೋ" ಅಂದರು. ನಲವತ್ತು ವರ್ಷದ ಬೇರಿಂಗು ಇನ್ನೂ ಹೀಗಿದೆ ಅಂದರೆ ಅದನ್ನು ಕಡೆದವರ ಕೈಗೆ ನಮಸ್ಕಾರ.

ಜುಲೈ 27 ಮತ್ತು 28: ಸ್ಪ್ರಿಂಗ್, ಎರಡು ಸಲ ಸೋತಿದ್ದು

ಹೊಸ ಸ್ಪ್ರಿಂಗ್, ಗ್ರಾಮೆಟ್ (ರಬ್ಬರ್ ಬಳೆ), ನಟ್ ಸೆಟ್ ಹೊರದೇಶದಿಂದ ಬಂತು. ಕಸ್ಟಮ್ಸ್ ಸೇರಿ 5,350. ಬೆಲ್ಟ್ ಬೇರೆ 2,900. ಹಳೇ ಗ್ರಾಮೆಟ್‌ಗಳು ಕಲ್ಲಾಗಿದ್ದವು, ಒಂದು ಬಿರುಕು ಬಿಟ್ಟಿತ್ತು.

ಈ ಕೆಲಸದಲ್ಲಿ ಮಷಿನ್ ನೆಟ್ಟಗೆ ಇರಬೇಕು, ಕೆಳಗಿಂದ ಕೈ ಹೋಗಬೇಕು. ಮೊದಲು ಎರಡು ಪ್ಲಾಸ್ಟಿಕ್ ಸ್ಟೂಲ್ ನಡುವೆ ಇಟ್ಟೆ. ಒಂದು ಸ್ಟೂಲ್ ಜಾರಿತು, ನಾನು ತೊಡೆ ಕೊಟ್ಟಿದ್ದಕ್ಕೆ ಉಳಿಯಿತು. ಎರಡೂ ಪ್ಲ್ಯಾಟರ್ ಸೇರಿ ನಾಲ್ಕು ಕೆಜಿ ಹತ್ತಿರ ತೂಕ, ಬಿದ್ದಿದ್ದರೆ ಮುಗಿದಿತ್ತು. ಬೀದಿ ಕೊನೆಯ ಮರಗೆಲಸದವರ ಹತ್ತಿರ ನಾಲ್ಕು ಕಾಲಿನ ಒಂದು ಚೌಕಟ್ಟು ಮಾಡಿಸಿದೆ. 650 ತಗೊಂಡರು. ಇದನ್ನು ಮೊದಲೇ ಮಾಡಿಸಬೇಕಿತ್ತು.

ಮೇಲಿನ ಪ್ಲೇಟಿನಿಂದ ಮೂರು ಬೋಲ್ಟ್ ಕೆಳಗೆ ಇಳಿದಿರುತ್ತವೆ. ಸಬ್‌ಷಾಸಿ, ಗ್ರಾಮೆಟ್, ಸ್ಪ್ರಿಂಗ್, ಮತ್ತೆ ಗ್ರಾಮೆಟ್, ವಾಷರ್, ಕೊನೆಗೆ ನಟ್. ನಟ್ ಬಿಗಿ ಮಾಡಿದರೆ ಆ ಮೂಲೆ ಮೇಲೆ ಏಳುತ್ತೆ. ಆರ್ಮ್ ಕೂತಿರುವ ಹಲಗೆ ಹೊರಗಿನ ಮರದ ಚೌಕಟ್ಟಿನ ಮೇಲ್ಮೈಗೆ ಸಮ ಬರಬೇಕು, ಸುತ್ತ ಸಂದು ಒಂದೇ ಥರ ಇರಬೇಕು. ಆಮೇಲೆ ಪ್ಲ್ಯಾಟರನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟರೆ ನೇರ ಮೇಲೆ ಕೆಳಗೆ ಆಡಬೇಕು. ಬಾವಿಗೆ ಕೊಡ ಬಿಟ್ಟ ಹಾಗೆ, ಗೋಡೆಗೆ ತಾಕದೆ. ಆಡುವುದು ವಾಲಿದರೆ ಸ್ಪ್ರಿಂಗನ್ನೇ ಬೆರಳಲ್ಲಿ ಹಿಡಿದು ಅದರ ಅಕ್ಷದ ಮೇಲೆ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹೋಗಬೇಕು. ಯಾವ ಸ್ಪ್ರಿಂಗೂ ಪೂರ್ತಿ ನೇರ ಇರಲ್ಲ, ಮೂರರ ವಾಲು ಒಂದನ್ನೊಂದು ಕಳೆಯುವ ಜಾಗ ಹುಡುಕಬೇಕು.

ಮೊದಲ ಪ್ರಯತ್ನ: ಆರ್ಮ್ ಕೈಗೆ ಅಡ್ಡ ಬರುತ್ತೆ ಅಂತ ಬಿಚ್ಚಿಟ್ಟು ಸ್ಪ್ರಿಂಗ್ ಹೊಂದಿಸಿದೆ. ಎರಡು ಗಂಟೆಯಲ್ಲಿ ಬಹಳ ಚೆನ್ನಾಗಿ ಆಡಿತು. ಆರ್ಮ್, ಕಾರ್ಟ್ರಿಜ್, ಫೆಲ್ಟ್ ಮ್ಯಾಟ್ ಹಾಕಿದ ತಕ್ಷಣ ಆ ಮೂಲೆ ಇಳಿದು ಎಲ್ಲ ಕೆಟ್ಟಿತು. ತೂಕ ಎಲ್ಲ ಮೇಲೆ ಕೂತ ಮೇಲೇ ಹೊಂದಿಸಬೇಕು. ಎರಡು ಗಂಟೆ ವ್ಯರ್ಥ.

ಹಾಗಾಗಿ ಕಾರ್ಟ್ರಿಜ್ ಕೆಲಸ ಮೊದಲು ಮುಗಿಸಿದೆ. ಇಟ್ಟಾಕ್‌ಗೆ ಸ್ಪಿಂಡಲ್ಲಿನಿಂದ ಆರ್ಮಿನ ತಿರುಗು ಬಿಂದುವಿಗೆ 211 ಮಿಮೀ, ಅಲ್ಲಿಂದ ಮುಳ್ಳಿಗೆ 229 ಮಿಮೀ. ಮುಳ್ಳು ರೆಕಾರ್ಡಿನ ಮೇಲೆ ಒತ್ತುವ ಭಾರ 2 ಗ್ರಾಂ. ಆರ್ಮಿನ ಡಯಲ್ 2 ತೋರಿಸುವಾಗ 450 ರೂಪಾಯಿಯ ಡಿಜಿಟಲ್ ತಕ್ಕಡಿ 1.8 ಅಂದಿತು. ತಕ್ಕಡಿಯನ್ನೇ ನಂಬಿದೆ. ಒಳಗಿನ ಭಾರದ ಸ್ಪ್ರಿಂಗಿಗೂ ನಲವತ್ತು ವರ್ಷ ಆಯ್ತಲ್ವಾ.

ಎರಡನೇ ಪ್ರಯತ್ನ ಭಾನುವಾರ. ಎಲ್ಲ ಮಟ್ಟ ಮಾಡಿದೆ, ಟೇಬಲ್ ಮೇಲೆ ಇಟ್ಟೆ, ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ಒಂದು ಕಡೆ. ನಮ್ಮದು ಹಳೇ ಮನೆ, ಕೆಂಪು ರೆಡ್ ಆಕ್ಸೈಡ್ ನೆಲ. ನೀರು ಹಾಕಿ ತೊಳೆದರೆ ಬಾಲ್ಕನಿ ಕಡೆ ಹರಿಯಲಿ ಅಂತ ಇಳಿಜಾರು ಕೊಟ್ಟಿದ್ದಾರೆ. ಆ ಇಳಿಜಾರನ್ನು ಸ್ಪ್ರಿಂಗ್ ನಟ್‌ನಲ್ಲಿ ಸರಿ ಮಾಡಲು ಹೋದೆ. ಅದು ಈ ಇಡೀ ಕೆಲಸದ ದೊಡ್ಡ ತಪ್ಪು. ಮಟ್ಟ ಬಂತು, ಆದರೆ ಒಂದು ಸ್ಪ್ರಿಂಗ್ ಜಾಸ್ತಿ ಬಿಗಿ, ಇನ್ನೊಂದು ಸಡಿಲ. ಒತ್ತಿ ಬಿಟ್ಟರೆ ಪ್ಲ್ಯಾಟರ್ ತೊಟ್ಟಿಲಿನ ಹಾಗೆ ಪಕ್ಕಕ್ಕೆ ತೂಗುತ್ತಿತ್ತು. ಸಂಜೆ ಆಗಿತ್ತು, ಸುಸ್ತಾಗಿತ್ತು, ಇರಲಿ ಅಂತ ಒಂದು ಪ್ಲೇಟು (ರೆಕಾರ್ಡು) ಹಾಕಿದೆ.

ತಂಬೂರಿ ನಡುಗಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟರ್ನ್‌ಟೇಬಲ್ಲಿನ ಸ್ಪೀಡ್ ನೋಡಲು ಪಿಯಾನೋ ಕೇಳಿ ಅಂತಾರೆ. ನಮ್ಮ ಕಿವಿಗೆ ಅದಕ್ಕಿಂತ ಒಳ್ಳೇ ಪರೀಕ್ಷೆ ತಂಬೂರಿ. ಅದು ಇಡೀ ಕಚೇರಿಯಲ್ಲಿ ಒಂದೇ ಶ್ರುತಿ ಹಿಡಿದು ನಿಂತಿರುತ್ತೆ, ಎಳ್ಳಷ್ಟು ಅಲುಗಿದರೂ ಹೊಟ್ಟೆಯೊಳಗೆ ಏನೋ ಆಗುತ್ತೆ. ಗಾಯಕರ ಸ್ವರದಲ್ಲಿ ಗಮಕ ಇರುತ್ತೆ, ಅಲ್ಲಿ ನಡುಕ ಅಡಗಿಕೊಳ್ಳುತ್ತೆ. ತಂಬೂರಿಯಲ್ಲಿ ಅಡಗಲು ಜಾಗ ಇಲ್ಲ. ಮೋಟರ್ ಮೇಲಿನ ಪ್ಲೇಟಿಗೆ ಕಟ್ಟಿದೆ, ಪ್ಲ್ಯಾಟರ್ ಸ್ಪ್ರಿಂಗ್ ಮೇಲಿದೆ, ಎರಡರ ನಡುವೆ ಇರುವುದು ಒಂದು ರಬ್ಬರ್ ಬೆಲ್ಟ್. ಪ್ಲ್ಯಾಟರ್ ಪಕ್ಕಕ್ಕೆ ತೂಗಿದರೆ ಬೆಲ್ಟ್ ಒಮ್ಮೆ ಬಿಗಿ, ಒಮ್ಮೆ ಸಡಿಲ. ಸ್ಪೀಡ್ ಅಲುಗುತ್ತೆ. ರಾಜಾಜಿನಗರದ ಹಿರಿಯರು "ಶ್ರುತಿ ನಿಲ್ಲಲ್ಲ" ಅಂದಿದ್ದು ಪಕ್ಕಾ ಇದೇ. ಅವರು ಸುಳ್ಳು ಹೇಳಿರಲಿಲ್ಲ. ಅವತ್ತು ರಾತ್ರಿ ನನಗೂ ಮಾರಿಬಿಡೋಣ ಅನ್ನಿಸಿದ್ದು ನಿಜ.

ಆಗಸ್ಟ್ 3, ಶನಿವಾರ: ಆರ್ಮಿನ ಕೇಬಲ್

ಮೊದಲು ಟೇಬಲ್ಲಿನ ಬಾಲ್ಕನಿ ಕಡೆಯ ಎರಡು ಕಾಲಿನ ಕೆಳಗೆ ಹಳೇ 50 ಪೈಸೆ ನಾಣ್ಯ ಎರಡೆರಡು ಇಟ್ಟೆ. ಟೇಬಲ್ ಮಟ್ಟ ಆಯ್ತು. ಈಗ ಮೂರೂ ನಟ್ ಬಿಚ್ಚಿ ಮೊದಲಿನಿಂದ ಶುರು.

ಎತ್ತರ ಬಂತು, ಸಂದು ಸಮ ಬಂತು, ಆದರೂ ಆರ್ಮಿನ ಕಡೆ ಸಣ್ಣ ವಾಲು. ಸ್ಪ್ರಿಂಗ್ ಎಷ್ಟು ತಿರುಗಿಸಿದರೂ ಹೋಗಲಿಲ್ಲ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದೂವರೆ ತನಕ ತಿರುಗಿಸಿದೆ. ಊಟಕ್ಕೆ ಎದ್ದು ಬಂದು, ಸುಮ್ನೆ ಕೆಳಗಿಂದ ಟಾರ್ಚ್ ಹಾಕಿ ಸಬ್‌ಷಾಸಿ ಆಡುವುದನ್ನೇ ನೋಡುತ್ತಾ ಮಲಗಿದ್ದೆ. ಆಗ ಕಂಡಿತು. ಆರ್ಮಿನಿಂದ ಇಳಿದ ಸಿಗ್ನಲ್ ಕೇಬಲ್ ಒಂದು ಸಣ್ಣ ಕ್ಲಿಪ್ಪಿಗೆ ಸಿಕ್ಕಿಸಿದ್ದರು. ಆರ್ಮ್ ಮತ್ತು ಕ್ಲಿಪ್ ನಡುವೆ ಕೇಬಲ್ ಬಿಗಿಯಾಗಿ ಎಳೆದಿತ್ತು. ಸಬ್‌ಷಾಸಿ ಇಳಿಯುವಾಗ ಸಡಿಲ ಬಿಡುತ್ತಿತ್ತು, ಏರುವಾಗ ಹಗ್ಗದ ಹಾಗೆ ಹಿಡಿದು ಎಳೆಯುತ್ತಿತ್ತು. ನಾನು ಮೂರೂವರೆ ಗಂಟೆ ಸ್ಪ್ರಿಂಗನ್ನು ಬೈದಿದ್ದೆ.

ಕ್ಲಿಪ್ ಸಡಿಲಿಸಿ, ಕೇಬಲ್ಲಿಗೆ ಒಂದು ಸಡಿಲ ತಿರುವು ಕೊಟ್ಟು, ಎಲ್ಲೂ ಸಬ್‌ಷಾಸಿಗೆ ಒರಗದ ಹಾಗೆ ಮತ್ತೆ ಕಟ್ಟಿದೆ. ಮೊದಲ ಸಲ ತಿರುವು ಜಾಸ್ತಿ ಆಯ್ತು, ಕೆಳಗಿನ ಮುಚ್ಚಳಕ್ಕೆ ತಾಕಿತು. ಎರಡನೇ ಸಲ ಹೊರಗೆ ತಿರುಚಿಕೊಂಡಿತು. ಮೂರನೇ ಸಲ ಸರಿ. ಆಮೇಲೆ ಸ್ಪ್ರಿಂಗಿಗೆ ಬೇಕಾಗಿದ್ದು ಕಾಲು ಸುತ್ತು, ಅಷ್ಟೇ.

ಬೆರಳಿಂದ ಒತ್ತಿ ಬಿಟ್ಟೆ. ನೇರ ಇಳಿಯಿತು, ನೇರ ಏರಿತು. ಎಣಿಸಿದೆ, ಏಳು ಸಲ ಆಡಿ ನಿಂತಿತು. ಆರ್ಮಿನ ಹಲಗೆಯ ಸುತ್ತಿನ ಸಂದಿನಲ್ಲಿ ಕಪ್ಪು ಗೆರೆ ಒಂದೇ ಅಗಲಕ್ಕೆ ಉಳಿದೇ ಇತ್ತು.

ಆಗಸ್ಟ್ 4, ಭಾನುವಾರ: ಸ್ಪೀಡು

ಸ್ಟ್ರೋಬ್ ಕಾಗದ ಇಟ್ಟು ನೋಡಿದೆ. 50 ಹರ್ಟ್ಜ್ ದೀಪಕ್ಕೆ, ನಿಮಿಷಕ್ಕೆ 33⅓ ಸುತ್ತಿನಲ್ಲಿ 180 ಗೆರೆ ಇರುವಂಥದ್ದು, ಸ್ಪೀಡ್ ಸರಿ ಇದ್ದರೆ ಗೆರೆ ನಿಂತ ಹಾಗೆ ಕಾಣುತ್ತೆ. ನಮ್ಮ ಎಲ್‌ಇಡಿ ಬಲ್ಬಿನಲ್ಲಿ ಗೆರೆ ಕಾಣಲಿಲ್ಲ. ಅಡುಗೆಮನೆಯಲ್ಲಿ ಚೋಕ್ ಇರುವ ಹಳೇ ಟ್ಯೂಬ್‌ಲೈಟ್ ಇನ್ನೂ ಇದೆ, ಮಷಿನ್ನನ್ನೇ ಅಲ್ಲಿಗೆ ಎತ್ತಿಕೊಂಡು ಹೋದೆ. ಗೆರೆಗಳು ಹೆಚ್ಚುಕಮ್ಮಿ ನಿಂತವು. ಒಮ್ಮೊಮ್ಮೆ ಬಹಳ ನಿಧಾನಕ್ಕೆ ಒಂದು ಕಡೆ ಜಾರುತ್ತಿದ್ದವು, ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆ. ಗಾಬರಿಯಾಗಿ ಬೆಲ್ಟ್ ಬಿಚ್ಚಿ ಪುಲ್ಲಿಯನ್ನೂ ಒಳ ಪ್ಲ್ಯಾಟರಿನ ಅಂಚನ್ನೂ ಸ್ಪಿರಿಟ್‌ನಲ್ಲಿ ಒರೆಸಿದೆ. ಅದೇ ಕತೆ. ಆಮೇಲೆ ಹೊಳೆಯಿತು, ಮೋಟರ್ ಓಡುವುದು ಕ್ರಿಸ್ಟಲ್‌ನ 50ರಲ್ಲಿ, ಟ್ಯೂಬ್‌ಲೈಟ್ ಮಿನುಗುವುದು ಗ್ರಿಡ್‌ನ 50ರಲ್ಲಿ. ನಮ್ಮ ಗ್ರಿಡ್ 49.90ರಿಂದ 50.05ರ ನಡುವೆ ಆಡಬಹುದು ಅಂತ ನಿಯಮವೇ ಇದೆ. ಜಾರುತ್ತಿದ್ದದ್ದು ದೀಪ, ಪ್ಲ್ಯಾಟರ್ ಅಲ್ಲ. ತಂಬೂರಿ ಹಾಕಿ ಕೇಳಿದೆ, ಗೋಡೆ ಹಾಗೆ ನಿಂತಿತ್ತು.

ಸಂಜೆ ಕರೆಂಟ್ ಹೋಗಿ ಇನ್ವರ್ಟರ್ ಬಂದಾಗ ಸ್ಪೀಡಿಗೆ ಏನೂ ಆಗಲಿಲ್ಲ, ಆದರೆ ಮುಳ್ಳಿನ ಸಿಗ್ನಲ್ ದೊಡ್ಡದು ಮಾಡುವ ಫೋನೋ ಸ್ಟೇಜ್‌ನಲ್ಲಿ ಜಿರ್ ಅಂತ ಸದ್ದು ಬಂತು. ನಮ್ಮದು ಹಳೇ ಸ್ಕ್ವೇರ್ ವೇವ್ ಇನ್ವರ್ಟರ್. ಅದನ್ನು ಈ ಸಾಲಿನಿಂದ ತಪ್ಪಿಸಬೇಕು, ಇನ್ನೂ ಮಾಡಿಲ್ಲ.

ಆಗಸ್ಟ್ 10: ಕಡಪ ಕಲ್ಲು

ಭಾರ ಇದ್ದಷ್ಟೂ ಒಳ್ಳೇದು ಅಂದುಕೊಂಡು 900 ಕೊಟ್ಟು ಕಡಪ ಕಲ್ಲಿನ ಚಪ್ಪಡಿ ಕತ್ತರಿಸಿ ತಂದು ಟೇಬಲ್ ಮೇಲೆ ಹಾಸಿದೆ. ಮೇಲಿನ ಸ್ವರಗಳು ಗಡುಸಾದವು, ಜೀವ ಹೋದ ಹಾಗಾಯ್ತು. ಅರ್ಧ ಗಂಟೆ ಕೇಳಿ ತೆಗೆದೆ. ಕಲ್ಲಿಲ್ಲದ ಹಗುರ ಸಾಗುವಾನಿ ಟೇಬಲ್ಲೇ ಒಳ್ಳೇದು. ಈ ಮಷಿನ್‌ಗೆ ಹಗುರ, ಬಿಗಿಯಾದ ಟೇಬಲ್ ಬೇಕು ಅಂತ ಇಟ್ಟುಕೊಂಡವರು ಹೇಳುತ್ತಲೇ ಇರುತ್ತಾರೆ, ನಾನು ಕೇಳಲಿಲ್ಲ. ಚಪ್ಪಡಿ ಈಗ ಅಮ್ಮನ ತುಳಸಿ ಕುಂಡದ ಕೆಳಗೆ ಇದೆ.

ಆಗಸ್ಟ್ 15, ಗುರುವಾರ: ಮೂವರೂ ಬಂದರು

ರಜೆ ದಿನ. ಮೂವರನ್ನೂ ಊಟಕ್ಕೆ ಕರೆದೆ. ಬಿಸಿಬೇಳೆಬಾತ್ ಆದ ಮೇಲೆ ಮಾವ ತಮ್ಮ ಚೀಲದಿಂದ ಪ್ಲೇಟು ತೆಗೆದರು. ಕೋಲ್ಕತ್ತಾದ ದಮ್‌ದಮ್‌ನಲ್ಲಿ ಒತ್ತಿದ ಎಚ್‌ಎಂವಿ, ಕರ್ನಾಟಕ ಸಂಗೀತದ ಕಚೇರಿ.

ಮೃದಂಗದ ಎಡಗಡೆ, ತೊಪ್ಪಿ ಅಂತಾರಲ್ಲ, ಅಲ್ಲಿ ಗುಮ್ಕಿ ಬಂದಾಗ ನಾನು ಗೆಳೆಯನ ಮುಖ ನೋಡಿದೆ. ಸ್ಪಂಜ್ ಇದ್ದ ದಿನ ಅದು ಬರೀ ಗುಂಯ್ ಆಗಿತ್ತು. ಈಗ ಅಂಗೈ ಮೊದಲು ಚರ್ಮ ಮುಟ್ಟಿದ್ದು ಕೇಳುತ್ತೆ, ಆಮೇಲೆ ಒತ್ತಿ ಜಾರಿಸಿದ್ದು ಕೇಳುತ್ತೆ, ದನಿ ಮೇಲಕ್ಕೆ ಬಾಗಿ ನಿಲ್ಲುತ್ತೆ. ಗೆಳೆಯ ಪಕ್ಷ ಬದಲಿಸಲಿಲ್ಲ. "ಚೆನ್ನಾಗಿದೆ ಗುರು, ಆದರೆ ಸ್ವಲ್ಪ ದಪ್ಪ ಇದ್ದೇ ಇದೆ. ನಮ್ಮನೇಲಿ ಬಂದು ಇದೇ ಪ್ಲೇಟು ಕೇಳು" ಅಂದ. ಮುಂದಿನ ಭಾನುವಾರ ಹೋಗಿ ಕೇಳಿದೆ. ಮೃದಂಗದ ಮಟ್ಟಿಗೆ ಅವನು ಹೇಳಿದ್ದು ಸರಿ. 1993ರಲ್ಲಿ ಬಂದ ಆ ಸರ್ಕಸ್ ಬೇರಿಂಗ್ ಹಾಕಿದ ಮೇಲೆ ತಳ ಇನ್ನೂ ಬಿಗಿ, ಇನ್ನೂ ಚುರುಕು. ಹಾಡುಗಾರರ ದನಿಗೆ ನನಗೆ ಮಾವನದ್ದೇ ಇಷ್ಟ. ಎದೆಯಿಂದ ಬಂದ ಹಾಗೆ ಇರುತ್ತೆ, ಗೆಳೆಯನ ಮನೆಯಲ್ಲಿ ಗಂಟಲಿನಿಂದ ಬಂದ ಹಾಗೆ.

ಹಿರಿಯರು ತಂಬೂರಿಯನ್ನೇ ಕೇಳುತ್ತಾ ಕಣ್ಣು ಮುಚ್ಚಿ ಕೂತಿದ್ದರು. ಒಂದು ಬದಿ ಮುಗಿದ ಮೇಲೆ "ನಿಂತಿದೆ" ಅಂದರು. ಸ್ವಲ್ಪ ತಡೆದು, "ನನ್ನದು ಎಂದೂ ಹೀಗೆ ನಿಂತಿರಲಿಲ್ಲ ಕಣಪ್ಪ. ಕೇಬಲ್ ಯಾರೂ ನೋಡಲೇ ಇಲ್ಲ" ಅಂದರು. ಆದರೂ ಟೆಕ್ನಿಕ್ಸ್ ಬಿಡಲ್ಲವಂತೆ. ಆರು ತಿಂಗಳಿಗೊಮ್ಮೆ ಕೆಳಗೆ ಮಲಗಿ ಸ್ಪ್ರಿಂಗ್ ತಿರುಗಿಸುವ ವಯಸ್ಸಲ್ಲ, ಅದು ಸ್ವಿಚ್ ಹಾಕಿದರೆ ಹಾಡುತ್ತೆ ಅಂದರು. ಅದೂ ನ್ಯಾಯವಾದ ಮಾತೇ.

ಮಾವ ಏನೂ ಹೇಳಲಿಲ್ಲ. ತನಿ ಆವರ್ತನ ಬಂದಾಗ ಅವರ ಬಲಗೈ ತೊಡೆ ಮೇಲೆ ತಾಳ ಹಾಕುತ್ತಿತ್ತು. ಮಗ್ಗುಲು ತಿರುಗಿಸಿ ಹಾಕಲು ನಾನು ಎದ್ದರೆ "ಇರು, ನಾನೇ" ಅಂತ ತಾವೇ ಎದ್ದರು.

ಖರ್ಚು ಆಟೋದಿಂದ ಹಿಡಿದು ಕಡಪ ಕಲ್ಲಿನ ತನಕ ಒಟ್ಟು 12,030. ಅದರಲ್ಲಿ ಕಲ್ಲು ಮತ್ತು ಹೊಲಿಗೆ ಎಣ್ಣೆಯ 940 ದಂಡ. ಕಾರ್ಟ್ರಿಜ್ ಮೊದಲೇ ಇತ್ತು.

ಉಳಿದಿರುವ ಕೆಲಸ ಒಂದಿದೆ. ಈ ಮಷಿನ್ 33⅓ರಲ್ಲಿ ಮಾತ್ರ ಓಡುತ್ತೆ, 45ಕ್ಕೆ ಪುಲ್ಲಿ ಮೇಲೆ ಒಂದು ಸಣ್ಣ ಅಡಾಪ್ಟರ್ ಕೂರಿಸಬೇಕು. ಅದು ಮನೆ ಬದಲಾಯಿಸುವಾಗ ಎಲ್ಲೋ ಕಳೆದಿದೆ. ಮಾವನ ಚೀಲದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಣ್ಣ ಪ್ಲೇಟು ಇವೆ, ಹೆಚ್ಚಿನವು ಪಿ.ಬಿ. ಶ್ರೀನಿವಾಸ್ ಹಾಡಿದ್ದು. ಲೆಕ್ಕಕ್ಕೆ ಪುಲ್ಲಿಯ ವ್ಯಾಸ 1.35 ಪಟ್ಟು ಆಗಬೇಕು, ಆದರೆ ಬೆಲ್ಟಿನ ದಪ್ಪವನ್ನೂ ಸೇರಿಸಿ ಲೆಕ್ಕ ಹಾಕಬೇಕು, ಬರೀ ಪುಲ್ಲಿ ಅಳೆದರೆ ತಪ್ಪಾಗುತ್ತೆ. ವರ್ನಿಯರ್ ಸಾಲ ತಂದಿದ್ದೇನೆ. ಶನಿವಾರ ಪೀಣ್ಯದ ಲೇತ್ ಅಂಗಡಿಗೆ ಹೋಗಿ ಹಿತ್ತಾಳೆಯಲ್ಲಿ ಒಂದು ಕಡೆಸಬೇಕು.